ಪಾಡ್ದನ ಬಲ್ಲಾಳನನ್ನು ಮರೆಯುವುದಿಲ್ಲ

ಪಂಪ್‌ವೆಲ್‌ನಿಂದ ಪಡೀಲ್ ಕಡೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ "ಗರೋಡಿ, ಗರೋಡಿ" ಅಂತ ಕೂಗುವುದನ್ನು ಈ ಊರಿಗೆ ಬಂದ ಮೊದಲ ತಿಂಗಳಲ್ಲೇ ಕೇಳಿರುತ್ತೀರಿ. ಘಟ್ಟದ ಮೇಲಿನಿಂದ ಬಂದವರಿಗೆ ಅದೊಂದು ಸ್ಟಾಪ್ ಅಷ್ಟೆ. ಊರಿನವರಿಗೆ ಅದು ಕಂಕನಾಡಿ ಗರಡಿ, ಕೋಟಿ-ಚೆನ್ನಯರನ್ನು ಆರಾಧಿಸುವ ಜಾಗ. ಗರಡಿ ಅಂದರೆ ಮೂಲದಲ್ಲಿ ಕುಸ್ತಿ, ಕತ್ತಿವರಸೆ ಕಲಿಯುವ ಮನೆ. ಸತ್ತ ಇಬ್ಬರು ಹುಡುಗರಿಗೆ ದೇವಸ್ಥಾನದ ಬದಲು ವ್ಯಾಯಾಮಶಾಲೆಯನ್ನೇ ಪೂಜೆಯ ಮನೆ ಮಾಡಿಕೊಟ್ಟ ನಾಡು ಇದು. ಇಂಥ ಗರಡಿಗಳು ತುಳುನಾಡಿನಲ್ಲಿ ಒಂದೆರಡಲ್ಲ, ನೂರಾರು ಉಂಟು.

ಪ್ರತಿ ನವೆಂಬರ್‌ನಲ್ಲಿ ರಾಜ್ಯೋತ್ಸವದ ಚರ್ಚಾಸ್ಪರ್ಧೆಗೆ ವಿಷಯ ಹುಡುಕುವಾಗ "ಅಂದಿನ ವೀರರು, ಇಂದಿನ ವೀರರು" ಅನ್ನುವುದು ಎಲ್ಲ ಕಾಲೇಜುಗಳಲ್ಲೂ ಒಮ್ಮೆ ಬಂದೇ ಬರುತ್ತದೆ. ಪರ ಮಾತಾಡುವವರು "ಆಗಿನಂಥವರು ಈಗೆಲ್ಲಿದ್ದಾರೆ" ಅಂತಾರೆ. ವಿರೋಧ ಮಾತಾಡುವವರು "ಅದೆಲ್ಲ ಕಟ್ಟುಕಥೆ, ನಿಜವಾದ ವೀರರು ಗಡಿಯಲ್ಲಿದ್ದಾರೆ, ಆಸ್ಪತ್ರೆಯಲ್ಲಿದ್ದಾರೆ" ಅಂತಾರೆ. ಎರಡೂ ಕಡೆಯವರು ಅಳೆಯುವುದು ಒಂದನ್ನೇ: ಯಾರು ದೊಡ್ಡವರು ಅಂತ. ಈ ಲೇಖನದಲ್ಲಿ ಅಳತೆ ಬೇಡ. ವೀರರ ಕಥೆಯನ್ನು ಆಗ ಹೇಳುತ್ತಿದ್ದದ್ದು ಹೇಗೆ, ಈಗ ನಾವು ಹೇಳುತ್ತಿರುವುದು ಹೇಗೆ, ಯಾವುದನ್ನು ಉಳಿಸಿಕೊಂಡು ಯಾವುದನ್ನು ಕೈಬಿಡುತ್ತೇವೆ ಅಂತ ನೋಡೋಣ.

ಕೋಟಿ-ಚೆನ್ನಯರ ಕಥೆ ಕತ್ತಿಯಿಂದ ಶುರುವಾಗುವುದಿಲ್ಲ, ಕಾಲಿಗೆ ಚುಚ್ಚಿದ ಮುಳ್ಳಿನಿಂದ ಶುರುವಾಗುತ್ತದೆ. ಪಡುಮಲೆಯ ಬಲ್ಲಾಳ ಬೇಟೆಗೆ ಹೋದಾಗ ಮುಳ್ಳು ಚುಚ್ಚಿ ಗಾಯ ವ್ರಣವಾಗುತ್ತದೆ, ಯಾರ ಮದ್ದೂ ನಾಟುವುದಿಲ್ಲ. ಕೊನೆಗೆ ನಾಟಿವೈದ್ಯ ಬಲ್ಲ ಬಿಲ್ಲವರ ಹೆಣ್ಣುಮಗಳು ದೇಯಿ ಬೈದೆತಿಗೆ ಕರೆ ಹೋಗುತ್ತದೆ. ಅವಳು ಆಗ ತುಂಬು ಗರ್ಭಿಣಿ. ಆ ಸ್ಥಿತಿಯಲ್ಲೇ ಬಂದು ಮದ್ದು ಮಾಡಿ ಗುಣಪಡಿಸುತ್ತಾಳೆ. ಪ್ರಾಣ ಉಳಿದ ಬಲ್ಲಾಳ ಅವಳಿಗೂ ಅವಳ ಹೊಟ್ಟೆಯಲ್ಲಿರುವ ಮಕ್ಕಳಿಗೂ ಕೊಡಬೇಕಾದ್ದನ್ನು ಕೊಡುತ್ತೇನೆ ಅಂತ ಮಾತು ಕೊಡುತ್ತಾನೆ. ಅವಳಿ ಮಕ್ಕಳು ಹುಟ್ಟುತ್ತವೆ, ತಾಯಿ ಬದುಕುವುದಿಲ್ಲ. ಮಾವನ ಮನೆಯಲ್ಲಿ ಬೆಳೆದ ಹುಡುಗರು ಗದ್ದೆಯ ವಿಚಾರದಲ್ಲಿ ಬಲ್ಲಾಳನ ಮಂತ್ರಿ ಬುದ್ಯಂತನ ಜೊತೆ ಜಗಳಕ್ಕೆ ಬೀಳುತ್ತಾರೆ, ಅದು ಕೊಲೆಯಲ್ಲಿ ಮುಗಿಯುತ್ತದೆ. ಆಮೇಲೆ ಬೀಡಿಗೆ ಹೋಗಿ "ನಮ್ಮ ಅಮ್ಮನಿಗೆ ಕೊಟ್ಟ ಮಾತು ಎಂತಾಯಿತು?" ಅಂತ ಕೇಳುತ್ತಾರೆ. ಬಲ್ಲಾಳ ಕೊಡುವುದಿಲ್ಲ. ಹುಡುಗರು ಊರು ಬಿಡುತ್ತಾರೆ. ಪಂಜದಲ್ಲಿ ಅಕ್ಕ ಕಿನ್ನಿದಾರು ಸಿಗುತ್ತಾಳೆ, ಆದರೆ ನೆಲೆ ಸಿಗುವುದಿಲ್ಲ. ಎಣ್ಮೂರಿನಲ್ಲಿ ಆಶ್ರಯ ಸಿಗುತ್ತದೆ. ಕೊನೆಗೆ ಎಣ್ಮೂರಿನ ಕಾಳಗದಲ್ಲಿ ಕೋಟಿಗೆ ಬಾಣ ತಗುಲುತ್ತದೆ. ಅಣ್ಣ ಬಿದ್ದ ಮೇಲೆ ತಮ್ಮನೂ ಉಳಿಯುವುದಿಲ್ಲ. ಆ ಬಾಣ ಪಡುಮಲೆಯ ಬಲ್ಲಾಳನದೇ ಅನ್ನುತ್ತದೆ ಸಾಮಾನ್ಯವಾಗಿ ಕೇಳಸಿಗುವ ಕಥೆ.

ಪಾಡ್ದನ ಹಾಡುವವರು ಬದಲಾದ ಹಾಗೆ ವಿವರಗಳು ಬದಲಾಗುತ್ತವೆ. ಹತ್ತೊಂಬತ್ತನೇ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರು ಸಂಗ್ರಹಿಸಿದ ಪಾಠ ಒಂದು ರೀತಿ, ಪಂಜೆ ಮಂಗೇಶರಾಯರು ಕನ್ನಡದಲ್ಲಿ ಬರೆದ ಕಥೆ ಇನ್ನೊಂದು ರೀತಿ. ಕಾಲ ಯಾವುದು ಅನ್ನುವುದರ ಬಗ್ಗೆಯೂ ವಿದ್ವಾಂಸರಲ್ಲಿ ಚರ್ಚೆ ಉಂಟು. ಆದರೆ ಒಂದು ಸಂಗತಿಯನ್ನು ಯಾವ ಪಾಠವೂ ಬಿಡುವುದಿಲ್ಲ. ಬಲ್ಲಾಳ ಮಾತಿಗೆ ತಪ್ಪಿದ. ಈ ಇಬ್ಬರು ಹುಡುಗರು ವೀರರಾಗಬೇಕಾಗಿ ಬಂದದ್ದೇ ಅದರಿಂದ. ಮಾತು ಉಳಿಸಿಕೊಂಡಿದ್ದರೆ ಅವರು ಪಡುಮಲೆಯಲ್ಲಿ ಗದ್ದೆ ಉತ್ತು, ಮದ್ದು ಕೊಟ್ಟು, ಮೊಮ್ಮಕ್ಕಳನ್ನು ಕಂಡು ಸಾಯುತ್ತಿದ್ದರು. ಗರಡಿಯೂ ಇರುತ್ತಿರಲಿಲ್ಲ, ಬಸ್ ಸ್ಟಾಪೂ ಇರುತ್ತಿರಲಿಲ್ಲ. ಜಮೀನು ಮತ್ತು ಅಧಿಕಾರ ಕೈಯಲ್ಲಿದ್ದವನು ದುಡಿಯುವ ಜಾತಿಯ ಹೆಣ್ಣಿನಿಂದ ಜೀವ ಪಡೆದು ಋಣ ತೀರಿಸಲಿಲ್ಲ ಅನ್ನುವುದು ಕಥೆಯ ಬುಡದಲ್ಲೇ ಕೂತಿದೆ. ನೇಮದ ರಾತ್ರಿ ಅದನ್ನು ಪ್ರತಿ ವರ್ಷ ಎಲ್ಲರೆದುರು ಮತ್ತೆ ನೆನಪಿಸಲಾಗುತ್ತದೆ.

ಇದು ತುಳುನಾಡಿಗೆ ಮಾತ್ರ ಸೇರಿದ ಗುಣವೂ ಅಲ್ಲ. ಕರ್ನಾಟಕದ ವೀರಗಲ್ಲುಗಳಲ್ಲಿ ಶಾಸನ ಇದ್ದರೆ ಸಾಮಾನ್ಯವಾಗಿ ಯಾಕೆ ಸತ್ತ ಅನ್ನುವುದೂ ಇರುತ್ತದೆ: ದನ ಹೊಡೆದುಕೊಂಡು ಹೋದವರನ್ನು ತಡೆಯಲು ಹೋಗಿ, ಊರಿನ ಮೇಲೆ ಬಿದ್ದವರನ್ನು ಎದುರಿಸಿ, ಹುಲಿಯ ಜೊತೆ ಹೋರಾಡಿ. ಬೆಂಗಳೂರು ಅನ್ನುವ ಹೆಸರು ಮೊದಲು ಸಿಗುವುದೇ ಬೇಗೂರಿನ ಒಂಬತ್ತನೇ ಶತಮಾನದ ಒಂದು ವೀರಗಲ್ಲಿನಲ್ಲಿ, "ಬೆಂಗಳೂರಿನ ಕಾಳಗ"ದ ಲೆಕ್ಕದಲ್ಲಿ. ಮಂಡ್ಯದ ಆತಕೂರಿನ ಹತ್ತನೇ ಶತಮಾನದ ಕಲ್ಲಿನಲ್ಲಿ ಕಾಳಿ ಅನ್ನುವ ಬೇಟೆನಾಯಿಯ ಕಥೆ ಇದೆ, ಹಂದಿಯ ಜೊತೆ ಹೋರಾಡಿ ಸತ್ತ ನಾಯಿ. ನಾಯಿಗೂ ಕಾರಣ ಸಮೇತ ಕಲ್ಲು ಹಾಕಿಸಿದವರು ನಮ್ಮವರು.

ಈಗ ಉಳ್ಳಾಲಕ್ಕೆ ಬನ್ನಿ. ನೇತ್ರಾವತಿ ಸೇತುವೆ ದಾಟಿದರೆ ಸಾಕು.

ಅಬ್ಬಕ್ಕ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಕುದುರೆ, ಕತ್ತಿ, ಪೋರ್ಚುಗೀಸರ ಹಡಗಿನ ಮೇಲೆ ಹಾರುವ ಅಗ್ನಿಬಾಣ. ಕಾಲೇಜು ಫೆಸ್ಟಿನ ಸ್ಕಿಟ್‌ನಲ್ಲಿ ಇದೇ ದೃಶ್ಯ, ಕೆಂಪು ಲೈಟಿನಲ್ಲಿ. ಕೋಸ್ಟ್ ಗಾರ್ಡ್ 2012ರಲ್ಲಿ ಒಂದು ಗಸ್ತು ಹಡಗಿಗೆ ರಾಣಿ ಅಬ್ಬಕ್ಕ ಅಂತಲೇ ಹೆಸರಿಟ್ಟಿತು. ಚೌಟ ವಂಶದ ಈ ಜೈನ ರಾಣಿಯರು ಪೋರ್ಚುಗೀಸರನ್ನು ಎದುರಿಸಿದ್ದು ಇತಿಹಾಸ, ಅದರಲ್ಲಿ ಸಂಶಯವಿಲ್ಲ. "ರಾಣಿಯರು" ಅಂತ ಬಹುವಚನ ಹಾಕಿದ್ದು ಕೈತಪ್ಪಿ ಅಲ್ಲ. ಹದಿನಾರನೇ ಶತಮಾನದ ನಡುವಿನಿಂದ ಹದಿನೇಳನೇ ಶತಮಾನದವರೆಗೆ ಹರಡಿರುವ ಘಟನೆಗಳನ್ನು ಒಬ್ಬಳೇ ರಾಣಿಯ ಆಯುಷ್ಯದಲ್ಲಿ ತುಂಬಿಸುವುದು ಕಷ್ಟ. ಅಳಿಯಸಂತಾನದ ಮನೆತನದಲ್ಲಿ ಒಂದೇ ಹೆಸರಿನ ಒಬ್ಬರಿಗಿಂತ ಹೆಚ್ಚು ರಾಣಿಯರು ಇದ್ದರು ಅಂತ ಬಹಳ ಇತಿಹಾಸಕಾರರು ಹೇಳುತ್ತಾರೆ. ಜನರ ನೆನಪು ಅವರನ್ನೆಲ್ಲ ಸೇರಿಸಿ ಒಬ್ಬ ಅಬ್ಬಕ್ಕನನ್ನು ಮಾಡಿಕೊಂಡಿತು. ದಂತಕಥೆ ಕೆಲಸ ಮಾಡುವುದೇ ಹಾಗೆ. ಹಲವರನ್ನು ಒಬ್ಬರಾಗಿಸುತ್ತದೆ, ಹಲವು ವರ್ಷಗಳನ್ನು ಒಂದು ರಾತ್ರಿಯಾಗಿಸುತ್ತದೆ. ಡೇಟಾ ಕಂಪ್ರೆಷನ್ ಅಂತ ನಾವು ಓದುತ್ತೇವಲ್ಲ, ಹೆಚ್ಚುಕಡಿಮೆ ಅದೇ, ಲಾಸಿ ಕಂಪ್ರೆಷನ್.

ಕಂಪ್ರೆಷನ್‌ನಲ್ಲಿ ಕಳೆದುಹೋದ ಒಂದು ತುಣುಕು ಅದೃಷ್ಟಕ್ಕೆ ನಮಗೆ ಸಿಕ್ಕಿದೆ. ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವ ಇಟಲಿಯ ಪ್ರವಾಸಿ 1623ರಲ್ಲಿ ಮಂಗಳೂರಿಗೆ ಬಂದಿದ್ದ. ಪೋರ್ಚುಗೀಸರಿಗೆ ತಲೆಬಾಗದ ಉಳ್ಳಾಲದ ರಾಣಿಯ ಹೆಸರು ಕೇಳಿ ಅವಳನ್ನು ನೋಡಲೇಬೇಕು ಅಂತ ಹೊರಟ. ಕಂಡದ್ದು ದರ್ಬಾರಿನಲ್ಲಲ್ಲ, ದಾರಿಯಲ್ಲಿ. ಬರಿಗಾಲು, ಸಾದಾ ಹತ್ತಿಬಟ್ಟೆ, ಹಿಂದೆ ಓಲೆಗರಿಯ ಕೊಡೆ ಹಿಡಿದವರು, ಜೊತೆಗೆ ಒಂದಿಷ್ಟು ಜನ. ನೋಡಲಿಕ್ಕೆ ರಾಣಿಗಿಂತ ಅಡುಗೆಮನೆಯ ಕೆಲಸದವಳ ಹಾಗಿದ್ದಳು, ಮಾತಾಡಿದಾಗ ಮಾತ್ರ ರಾಣಿ ಅಂತ ಗೊತ್ತಾಯಿತು ಅನ್ನುವ ಅರ್ಥದಲ್ಲಿ ಅವನು ಬರೆದುಕೊಂಡಿದ್ದಾನೆ. ಅವಳು ಹೊರಟದ್ದು ಎಲ್ಲಿಗೆ? ನೀರು ಹರಿಸಲು ಅಗೆಸುತ್ತಿದ್ದ ಕಾಲುವೆಗಳನ್ನು ನೋಡಲಿಕ್ಕೆ.

ಸೈಟ್ ಇನ್‌ಸ್ಪೆಕ್ಷನ್ ಮಾರಾಯ್ರೆ! ಸಿವಿಲ್ ಬ್ರಾಂಚಿನವರು ಇದನ್ನು ತಮ್ಮ ಡಿಪಾರ್ಟ್‌ಮೆಂಟಿನ ಗೋಡೆಗೆ ಹಾಕಿಕೊಳ್ಳಬಹುದು.

ಯುದ್ಧ ಮಾಡಿದ ವಂಶದ ರಾಣಿಯ ಒಂದು ಮಾಮೂಲಿ ದಿನ ಹೀಗಿತ್ತು. ಅಗ್ನಿಬಾಣ ದಂತಕಥೆಗೆ ಸಿಕ್ಕಿತು, ಕಾಲುವೆ ಸಿಗಲಿಲ್ಲ. ಇನ್ನೊಂದು ಸಂಗತಿಯೂ ಸ್ಕಿಟ್‌ನಲ್ಲಿ ಕಾಣಿಸುವುದಿಲ್ಲ, ಜಗಳ ಯಾತಕ್ಕೆ ಅನ್ನುವುದು. ಪೋರ್ಚುಗೀಸರು ಕೇಳುತ್ತಿದ್ದದ್ದು ಕಪ್ಪ. ಸಮುದ್ರದಲ್ಲಿ ಹೋಗುವ ಹಡಗುಗಳು ಅವರಿಂದ ಕಾರ್ತಾಜ್ ಅನ್ನುವ ಪರವಾನಗಿ ಪಡೆಯಬೇಕಿತ್ತು. ಪಾಸ್ ಇಲ್ಲದ ಹಡಗನ್ನು ಹಿಡಿದು ಸರಕು ಕಸಿಯುತ್ತಿದ್ದರು. ಈ ಕರಾವಳಿಯಿಂದ ಹೊರಹೋಗುತ್ತಿದ್ದ ಅಕ್ಕಿಗೆ, ಕಾಳುಮೆಣಸಿಗೆ ಯಾರು ಬೆಲೆ ಕಟ್ಟಬೇಕು, ಯಾರ ಅಪ್ಪಣೆ ಬೇಕು ಅನ್ನುವುದು ಪ್ರಶ್ನೆ. "ಪರಕೀಯರು ಬಂದರು, ರಾಣಿ ಹೋರಾಡಿದಳು" ಅಂತ ಎರಡು ಸಾಲಿನಲ್ಲಿ ಹೇಳಿದರೆ ಆ ಅಕ್ಕಿ ಮುಡಿ ಕಥೆಯಿಂದ ಕಾಣೆಯಾಗುತ್ತದೆ.

ಇಂದಿನ ವೀರರ ವಿಷಯಕ್ಕೆ ಬರುತ್ತೇನೆ. ಸೈನಿಕರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. 2023ರ ನವೆಂಬರ್‌ನಲ್ಲಿ ರಜೌರಿಯಲ್ಲಿ ಪ್ರಾಣ ಕೊಟ್ಟ ಕ್ಯಾಪ್ಟನ್ ಎಂ. ವಿ. ಪ್ರಾಂಜಲ್ ನಮ್ಮ ಸುರತ್ಕಲ್ ಕಡೆ ಶಾಲೆಗೆ ಹೋದ ಹುಡುಗ, ನಮಗಿಂತ ಹತ್ತು ವರ್ಷವೂ ದೊಡ್ಡವರಲ್ಲ. ಅಲ್ಲಿ ಹಳೆಯ ಕಥೆಗೂ ಹೊಸ ಕಥೆಗೂ ಅಂತರ ಕಡಿಮೆ, ವಿವರಿಸುವುದಕ್ಕೆ ಉಳಿಯುವುದೂ ಕಡಿಮೆ. ನನಗೆ ಹೆಚ್ಚು ಕುತೂಹಲ ಇರುವುದು ಕತ್ತಿ ಹಿಡಿಯದವರ ಬಗ್ಗೆ.

ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಹತ್ತಿರ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರ ಹೆಸರು ಕೇಳಿರಬಹುದು. 2022ರಲ್ಲಿ ಪದ್ಮಶ್ರೀ ಬಂತು. ಬೇರೆಯವರ ತೋಟದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಎಪ್ಪತ್ತರ ದಶಕದ ಕೊನೆಯಲ್ಲಿ ಗುಡ್ಡದ ಇಳಿಜಾರಿನಲ್ಲಿ ಸುಮಾರು ಎರಡು ಎಕರೆ ಬೋಳು ಜಾಗ ಸಿಕ್ಕಿತು. ನೀರಿಲ್ಲ. ಬಾವಿ ತೋಡಿಸುವುದಕ್ಕೆ ದುಡ್ಡಿಲ್ಲ. ಹಗಲು ಕೂಲಿ ಮುಗಿಸಿ ಬಂದು ದೀಪ ಇಟ್ಟುಕೊಂಡು ಒಬ್ಬರೇ ಗುಡ್ಡಕ್ಕೆ ಸುರಂಗ ಕೊರೆಯತೊಡಗಿದರು. ಮೊದಲನೆಯದರಲ್ಲಿ ನೀರು ಬರಲಿಲ್ಲ. ಎರಡನೆಯದರಲ್ಲಿ ಬರಲಿಲ್ಲ. ಹೀಗೆ ಐದು ಸುರಂಗ ಒಣಗಿದ್ದು, ವರ್ಷಗಟ್ಟಲೆ ಕೆಲಸ. ಆರನೆಯದರಲ್ಲಿ ನೀರು ಬಂತು. ಈಗ ಅಲ್ಲಿ ಅಡಿಕೆ, ತೆಂಗು ತೋಟ ಉಂಟು.

ಸುರಂಗ ಅಂದರೇನು ಅಂತ ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಇದು ನಮ್ಮ ಕಡೆಯ ನಿಜವಾದ ಎಂಜಿನಿಯರಿಂಗ್. ಬಂಟ್ವಾಳದ ಮಾಣಿಲ, ಕಾಸರಗೋಡಿನ ಬಾಯಾರು, ಎಣ್ಮಕಜೆ ಕಡೆ ಇಂಥವು ಸಾಲುಸಾಲು ಇವೆ. ಗುಡ್ಡದ ಮೇಲ್ಪದರ ಮುರಕಲ್ಲು, ತೂತುತೂತಾದ ಕಲ್ಲು, ಮಳೆನೀರು ಸಲೀಸಾಗಿ ಇಳಿಯುತ್ತದೆ. ಅದರ ಕೆಳಗೆ ಶೇಡಿ ಮಣ್ಣು, ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಎರಡರ ನಡುವೆ ನೀರು ಅಡ್ಡಡ್ಡ ಜಿನುಗುತ್ತದೆ. ಮೇಲಿನಿಂದ ಬಾವಿ ತೋಡಿ ಎತ್ತುವ ಬದಲು ಬದಿಯಿಂದ ಅಡ್ಡಕ್ಕೆ ಕೊರೆದು ಆ ಜಿನುಗನ್ನು ಹಿಡಿಯುವುದೇ ಸುರಂಗ. ಒಬ್ಬ ಕೂತು ಹಾರೆ ಬೀಸುವಷ್ಟೇ ಅಗಲ. ನೆಲ ಬಾಯಿಯ ಕಡೆಗೆ ಸ್ವಲ್ಪವೇ ಇಳಿಜಾರಾಗಿರಬೇಕು. ಆಗ ನೀರು ತಾನಾಗಿ ಹೊರಗೆ ಬರುತ್ತದೆ, ಪಂಪ್ ಬೇಡ, ಕರೆಂಟ್ ಬೇಡ. ಇರಾನಿನ ಕನಾತ್‌ಗಳದ್ದೂ ಇದೇ ತತ್ವ. ಅಪಾಯ ಎರಡು: ಮಣ್ಣು ಕುಸಿಯುವುದು, ಒಳಗೆ ಹೋದಂತೆ ಗಾಳಿ ಕಡಿಮೆಯಾಗುವುದು. ದೀಪ ಮಂಕಾದರೆ ಹೊರಗೆ ಬರಬೇಕು. ಬೆಳಕು ಕೊಡುವ ದೀಪವೇ ಗಾಳಿಯ ಮೀಟರೂ ಹೌದು.

ಈ ಕಥೆಯನ್ನು ನಾವು ಸನ್ಮಾನದ ವೇದಿಕೆಯಲ್ಲಿ ಹೇಗೆ ಹೇಳುತ್ತೇವೆ? "ಛಲ ಬಿಡದ ತ್ರಿವಿಕ್ರಮ", "ಸೋಲನ್ನೇ ಸೋಲಿಸಿದವರು", "ಯುವಜನತೆಗೆ ಮಾದರಿ". ಶಾಲು, ಪೇಟ, ಹಣ್ಣುಬುಟ್ಟಿ, ಸ್ಮರಣಿಕೆ. ಫೋಟೋ. ಒಬ್ಬ ಕೂಲಿಕಾರ ತನ್ನ ಜಾಗಕ್ಕೆ ನೀರು ತರಲು ಜೀವ ಪಣಕ್ಕಿಟ್ಟು ಒಬ್ಬನೇ ಗುಡ್ಡದೊಳಗೆ ಹೋಗಬೇಕಾಯಿತು ಯಾಕೆ, ಐದು ಸಲ ಸೋತಾಗ ನೆಲ ಗೊತ್ತಿದ್ದವರು ಬಂದು ಇಲ್ಲಿ ಬೇಡ, ಅಲ್ಲಿ ಕೊರೆಯಿರಿ ಅಂತ ಹೇಳುವ ವ್ಯವಸ್ಥೆ ಯಾಕಿರಲಿಲ್ಲ ಅಂತ ಆ ವೇದಿಕೆಯಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಕಾರ್ಯಕ್ರಮದ ಮೂಡ್ ಹಾಳಾಗುತ್ತದೆ ಅನ್ನೋಣ. ಆದರೆ ಪಾಡ್ದನದವರು ಅದನ್ನೇ ಮೊದಲು ಹೇಳುತ್ತಿದ್ದರು. ನಾಯ್ಕರ ಪಾಡ್ದನ ಕಟ್ಟುವುದಿದ್ದರೆ ಅದು ಆರನೇ ಸುರಂಗದ ನೀರಿನಿಂದ ಶುರುವಾಗುತ್ತಿರಲಿಲ್ಲ, ಗುಡ್ಡದ ಬೋಳು ಜಾಗದಿಂದ, ನೀರಿಲ್ಲದವನ ಲೆಕ್ಕದಿಂದ ಶುರುವಾಗುತ್ತಿತ್ತು.

ಹರೇಕಳ ಹಾಜಬ್ಬರ ವಿಷಯದಲ್ಲೂ ಹಾಗೆಯೇ. ಮಂಗಳೂರು ಪೇಟೆಯಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಹಣ್ಣು ಮಾರುತ್ತಿದ್ದವರು. ವಿದೇಶಿ ದಂಪತಿ ಇಂಗ್ಲಿಷಿನಲ್ಲಿ ಹಣ್ಣಿನ ರೇಟು ಕೇಳಿದಾಗ ಉತ್ತರ ಕೊಡಲಾಗದೆ, ನಮ್ಮೂರ ಮಕ್ಕಳಿಗೆ ಹೀಗಾಗಬಾರದು ಅಂತ ತೀರ್ಮಾನಿಸಿ, ಹಣ್ಣು ಮಾರಿದ ಉಳಿತಾಯದಿಂದ ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆ ಆಗುವಂತೆ ಮಾಡಿದರು. ಮೊದಲು ಮದ್ರಸದ ಕೋಣೆಯಲ್ಲಿ ತರಗತಿ, ಆಮೇಲೆ ಜಾಗ, ಕಟ್ಟಡ, ಪ್ರೌಢಶಾಲೆ. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು, ಕೊರೋನಾದಿಂದ ತಡವಾಗಿ 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲೇ ನಡೆದು ಹೋಗಿ ಪಡೆದುಕೊಂಡರು. ಆ ಬರಿಗಾಲಿನ ಫೋಟೋ ಎಲ್ಲರ ಸ್ಟೇಟಸ್‌ನಲ್ಲಿತ್ತು.

ಈ ಕಥೆಯಲ್ಲಿ ಎಲ್ಲರೂ ಹೇಳುವುದು ವಿದೇಶಿ ದಂಪತಿಯ ಪ್ರಸಂಗ. ಅದು ಚಂದ ಉಂಟು, ನಾಟಕೀಯ ಉಂಟು. ಆದರೆ ಭೂಪಟ ನೋಡಿ. ಹರೇಕಳ ಎಲ್ಲೋ ಕಾಡಿನೊಳಗಿಲ್ಲ. ನೇತ್ರಾವತಿಯ ದಡದಲ್ಲಿದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ ಅಲ್ಲಿಂದ ಬಹಳ ದೂರವಿಲ್ಲ. ಪಿಎಚ್‌ಡಿ ಕೊಡುವ ಸಂಸ್ಥೆಯ ನೆರೆಯಲ್ಲಿ, ಇಪ್ಪತ್ತನೇ ಶತಮಾನ ಮುಗಿಯುವ ಹೊತ್ತಿಗೂ, ಒಂದು ಊರಿನ ಮಕ್ಕಳಿಗೆ ಒಂದನೇ ಕ್ಲಾಸಿಗೆ ಹಣ್ಣು ಮಾರುವವರು ದಾರಿ ಮಾಡಬೇಕಾಯಿತು. ಇಲ್ಲಿ ಬಲ್ಲಾಳ ಯಾರು? ಒಬ್ಬ ವ್ಯಕ್ತಿ ಅಲ್ಲ, ಬೆರಳು ತೋರಿಸಲಿಕ್ಕೆ ಸುಲಭ ಇಲ್ಲ. ಆಧುನಿಕ ಕಥೆಯ ತೊಂದರೆ ಅದು. ಪಡುಮಲೆಯ ಬಲ್ಲಾಳನಿಗೆ ಹೆಸರು, ಬೀಡು, ಬಾಣ ಇತ್ತು. ಈಗಿನ ಬಲ್ಲಾಳ ಹಲವು ಟೇಬಲ್ಲುಗಳ ಮೇಲೆ ಹರಿದಾಡುವ ಒಂದು ಫೈಲು. ಹಾಗಂತ ಅವನಿಲ್ಲ ಅಂತ ಹೇಳಿದರೆ ಹಾಜಬ್ಬರ ಸಾಧನೆಯೇ ಅರ್ಧ ಆಗುತ್ತದೆ. ಶಾಲೆ ಅನುಕೂಲವಾಗಿ ಸಿಕ್ಕಿದ ಕಡೆ ಶಾಲೆ ಕಟ್ಟುವುದು ದಾನ. ಸಿಗಬೇಕಾದ್ದು ಸಿಗದ ಕಡೆ ಕಟ್ಟಿಸಿಕೊಳ್ಳುವುದು ಬೇರೆ.

ದಂತಕಥೆಯಲ್ಲಿ ಎಲ್ಲವೂ ಸರಿ ಇತ್ತು ಅಂತ ನಾನು ಹೇಳುತ್ತಿಲ್ಲ. ದೈವವಾದ ಮೇಲೆ ಪ್ರಶ್ನೆಗಳು ಮೆತ್ತಗಾಗುತ್ತವೆ. ಗದ್ದೆಯ ಜಗಳದಿಂದ ಊರು ಬಿಟ್ಟವರ ಹೆಸರಿನಲ್ಲಿ ಇವತ್ತು ಮೂಡಬಿದಿರೆಯಲ್ಲಿ, ಪುತ್ತೂರಿನಲ್ಲಿ ಜೋಡುಕರೆ ಕಂಬಳ ನಡೆಯುತ್ತದೆ. ಲೈಟು, ಮೈಕು, ಥರ್ಡ್ ಅಂಪೈರ್ ತರಹದ ವಿಡಿಯೋ ಫಿನಿಶ್ ಎಲ್ಲ ಉಂಟು. ದೇಯಿ ಬೈದೆತಿಗೆ ಸಲ್ಲಬೇಕಾಗಿದ್ದ ಋಣದ ಬಗ್ಗೆ ಅಲ್ಲಿ ಮಾತಾಡುವುದಿಲ್ಲ. ಪಾಡ್ದನದಿಂದ ಬ್ಯಾನರಿಗೆ ಬಂದ ಕೂಡಲೇ ಕೋಟಿ-ಚೆನ್ನಯರ ಕಥೆಗೂ ಶಾಲು ಹೊದಿಸಿದ ಹಾಗಾಗುತ್ತದೆ.

ವಿಮಾನ ನಿಲ್ದಾಣಕ್ಕೆ ಇವರ ಹೆಸರಿಡಬೇಕು ಅನ್ನುವ ಬೇಡಿಕೆ ಊರಿನಲ್ಲಿ ಉಂಟು. ಇಡಲಿ, ಬಿಡಲಿ, ಆ ನಿಲ್ದಾಣದ ಇನ್ನೊಂದು ಕಥೆ ಎಂಜಿನಿಯರಿಂಗ್ ಓದುವವರು ತಿಳಿದಿರಬೇಕಾದ್ದು. 2010ರ ಮೇ 22ರ ಬೆಳಗ್ಗೆ ಆರು ಗಂಟೆ ದಾಟಿದ ಹೊತ್ತಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಗುಡ್ಡದ ಮೇಲಿನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು 8. ಹೊಗೆ, ಬೆಂಕಿಯ ನಡುವೆ ಕಣಿವೆಗೆ ಇಳಿದವರಲ್ಲಿ ಸುತ್ತಲಿನ ಮನೆಯವರು ಇದ್ದರು. ಯಾವ ತರಬೇತಿಯೂ ಇಲ್ಲದವರು, ಇಂಧನ ಉರಿಯುತ್ತಿದ್ದ ಜಾಗಕ್ಕೆ. ಅವರಲ್ಲಿ ಹೆಚ್ಚಿನವರ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ. ಹಳೆಯ ಕಾಲವಾಗಿದ್ದರೆ ಕೆಂಜಾರಿನಲ್ಲಿ ಒಂದು ಕಲ್ಲು ನಿಲ್ಲುತ್ತಿತ್ತು.

ಆ ಅಪಘಾತದ ತನಿಖಾ ವರದಿ ಬೇರೆ ಏನನ್ನೋ ದಾಖಲಿಸಿತು. ವಿಮಾನ ಇಳಿಯುವ ದಾರಿಯಲ್ಲಿ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಸುಮಾರು 2,450 ಮೀಟರ್ ರನ್‌ವೇಯಲ್ಲಿ 1,600 ಮೀಟರಿನಷ್ಟು ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಅದಕ್ಕೆ ಮೊದಲೇ ಸಹಪೈಲಟ್ ಇಳಿಸುವುದು ಬೇಡ, ಮೇಲಕ್ಕೆ ಹೋಗೋಣ ಅನ್ನುವ "ಗೋ ಅರೌಂಡ್" ಸೂಚನೆಯನ್ನು ಮೂರು ಸಲ ಹೇಳಿದ್ದರು. ಕ್ಯಾಪ್ಟನ್ ಇಳಿಸುವುದನ್ನು ಮುಂದುವರಿಸಿದರು. ಹಾರಾಟದ ದೊಡ್ಡ ಭಾಗದಲ್ಲಿ ಅವರು ನಿದ್ದೆಯಲ್ಲಿದ್ದರು, ಎಚ್ಚರವಾದ ಮೇಲೂ ಬಿಡದ ಮಂಪರು ಇದಕ್ಕೆ ಒಂದು ಕಾರಣವಾಗಿರಬಹುದು ಅಂದಿತು ವರದಿ. ಯಾರನ್ನೂ ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ, ಇಬ್ಬರೂ ಅದೇ ಬೆಂಕಿಯಲ್ಲಿ ಹೋದರು. ಆದರೆ ಆ ಕಾಕ್‌ಪಿಟ್‌ನಲ್ಲಿ ಮೂರು ಸಲ "ಬೇಡ" ಅಂದ ದನಿ ಕೂಡ ಧೈರ್ಯವೇ ಅಲ್ವಾ? ಅನುಭವದಲ್ಲಿ, ಹುದ್ದೆಯಲ್ಲಿ ಮೇಲಿನವರಿಗೆ ಹೇಳಿದ ಮಾತು ಅದು. ಕೇಳಿಸಿಕೊಂಡಿದ್ದರೆ ವಿಮಾನ ಒಂದು ಸುತ್ತು ಹಾಕಿ ಬಂದು ಇಳಿಯುತ್ತಿತ್ತು, ಅವತ್ತು ಏನೂ ನಡೆಯುತ್ತಿರಲಿಲ್ಲ, ನಮಗೆ ಈ ವಿಷಯವೇ ಗೊತ್ತಿರುತ್ತಿರಲಿಲ್ಲ. ನಮ್ಮ ಕೆಲಸದಲ್ಲಿ ಯಶಸ್ವಿಯಾದ ಧೈರ್ಯ ಹೆಚ್ಚಾಗಿ ಕಾಣಿಸುವುದೇ ಇಲ್ಲ.

ತನಿಖಾ ವರದಿಗೆ "ಯಾಕೆ" ಗೊತ್ತು. ಕಣಿವೆಗೆ ಇಳಿದವರ ಹೆಸರು ಅದರ ಕೆಲಸವಲ್ಲ. ಸನ್ಮಾನಪತ್ರಕ್ಕೆ ಹೆಸರು ಗೊತ್ತು, "ಯಾಕೆ" ಬೇಡ. ಪಾಡ್ದನ ಎರಡನ್ನೂ ಒಂದೇ ಹಾಡಿನಲ್ಲಿ ಹೇಳುತ್ತಿತ್ತು. ಅದನ್ನು ಕಟ್ಟಿದವರು, ಹಾಡಿದವರು ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು, ದೈವ ಕಟ್ಟುವವರು. ಬಲ್ಲಾಳನ ಅನ್ನ ಉಂಡವರೇ ಬಲ್ಲಾಳನ ತಪ್ಪನ್ನು ಹಾಡಿದರು.

ನಮ್ಮ ಕ್ಯಾಂಪಸ್ಸಿನ ಕಥೆ ಸಣ್ಣದು, ಆದರೂ ಹೇಳಿಬಿಡುತ್ತೇನೆ. ಪ್ರಾಜೆಕ್ಟ್ ಡೆಮೋದ ಹಿಂದಿನ ರಾತ್ರಿ ಎರಡು ಗಂಟೆಗೆ ಕುಳಿತು ಸರ್ಕ್ಯೂಟ್ ಸರಿಮಾಡಿದವನು ಹೀರೋ. ಬೆಳಗ್ಗೆ ಅವನಿಗೆ ಎಲ್ಲರ ಖರ್ಚಿನಲ್ಲಿ ಬನ್ಸ್, ಚಾ. ಮೂರು ವಾರ ಮೊದಲೇ "ಈ ಪಾರ್ಟ್ ಬಿಸಿಯಾಗ್ತದೆ, ಟೆಸ್ಟ್ ಮಾಡುವ" ಅಂದವಳನ್ನು ಗ್ರೂಪಿನಲ್ಲಿ ಎಲ್ಲರೂ ತಲೆ ತಿನ್ನುವವಳು ಅಂದಿರುತ್ತಾರೆ. ನಾಳೆ ಇವರೇ ಸೇತುವೆಯ, ಲಿಫ್ಟಿನ, ಆಸ್ಪತ್ರೆಯ ಸಾಫ್ಟ್‌ವೇರಿನ ಕೆಲಸಕ್ಕೆ ಹೋಗುವವರು.

ಕನ್ನಡ ಸಂಘದಿಂದ ಪ್ರತಿ ವರ್ಷ ಊರಿನ ಸಾಧಕರೊಬ್ಬರ ಸಂದರ್ಶನ ಮಾಡುತ್ತೇವಲ್ಲ, ಅದರ ಪ್ರಶ್ನಾವಳಿ ನನ್ನ ಮುಂದಿದೆ. ನಿಮ್ಮ ಸ್ಫೂರ್ತಿ ಯಾರು, ಎದುರಿಸಿದ ಸವಾಲುಗಳೇನು, ಯುವಜನರಿಗೆ ನಿಮ್ಮ ಸಂದೇಶವೇನು. ಮೂರನೆಯದನ್ನು ತೆಗೆದು ಆ ಜಾಗಕ್ಕೆ ಹೀಗೊಂದು ಹಾಕಬಹುದು ಅಂತ ಸಂಪಾದಕರಿಗೆ ಕಳಿಸಿದ್ದೇನೆ: "ನೀವೇ ಕೈಹಾಕುವ ಮೊದಲು ಇದನ್ನು ಮಾಡಿಕೊಡಿ ಅಂತ ಯಾರನ್ನು ಕೇಳಿದ್ದಿರಿ? ಅವರು ಎಂತ ಹೇಳಿದರು?"